ಕಾರವಾರ–ಅಂಕೋಲೆಯ ತಾಂಡೇಲರಿಗೆ: ಜಿಪಿಎಸ್ ಗೆರೆಯ ಬಗ್ಗೆ ಒಂದು ಬಹಿರಂಗ ಪತ್ರ

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ತಾಂಡೇಲರಿಗೆ, ಬೋಟು ಮಾಲೀಕರಿಗೆ ಹಾಗೂ ಹೊಸದಾಗಿ ಚುಕ್ಕಾಣಿ ಹಿಡಿದಿರುವ ಯುವಕರಿಗೆ,



ಮೀನುಗಾರಿಕೆ ಬೋಟಿನ ಜಿಪಿಎಸ್ ಪರದೆಯ ಮೇಲೆ ಮೂರು ಬಗೆಯ ಗುರುತುಗಳಿರುತ್ತವೆ. ಮೊದಲನೆಯದು ಪಾಯಿಂಟ್: ಮೀನು ಸಿಕ್ಕ ಜಾಗ, ಬಲೆ ಹರಿದ ಕಲ್ಲು, ಧಕ್ಕೆಯ ಬಾಯಿ, ಹೀಗೆ ತಾಂಡೇಲ ಉಳಿಸಿಟ್ಟ ಒಂದೊಂದು ಚುಕ್ಕೆ. ಎರಡನೆಯದು ಟ್ರ್ಯಾಕ್: ಬೋಟು ಹೋದ ದಾರಿಯನ್ನು ಯಂತ್ರ ತಾನಾಗಿ ಎಳೆದುಕೊಂಡ ಗೆರೆ. ಮೂರನೆಯದು ರೂಟ್: ಇನ್ನೂ ಹೋಗದ, ಹೋಗಬೇಕೆಂದು ಮೊದಲೇ ಜೋಡಿಸಿದ ದಾರಿ. ಬೈತಖೋಲದಿಂದ ಹೊರಡುವ ಪರ್ಸೀನ್ ಬೋಟಿನಲ್ಲೂ ಬೇಲೆಕೇರಿಯ ಟ್ರಾಲ್ ಬೋಟಿನಲ್ಲೂ ಈ ಮೂರನ್ನೂ ನಿತ್ಯ ಬಳಸುತ್ತಾರೆ. ಹಾರವಾಡ, ಕೇಣಿ, ಮುದಗಾ, ಮಾಜಾಳಿಯ ನಾಡದೋಣಿಗಳಲ್ಲಿ ಪೆಟ್ಟಿಗೆ ಯಂತ್ರದ ಕೆಲಸವನ್ನು ಈಗ ಮೊಬೈಲೇ ಮಾಡುತ್ತಿದೆ. ಈ ಪತ್ರ ಮುಖ್ಯವಾಗಿ ಎರಡನೆಯ ಗುರುತಿನ ಬಗ್ಗೆ, ಅಂದರೆ ಟ್ರ್ಯಾಕ್ ಬಗ್ಗೆ. ಮೂರರಲ್ಲಿ ಹೆಚ್ಚು ನಂಬಿಕೆ ಗಳಿಸಿರುವುದು ಅದು. ಹೆಚ್ಚು ಅನುಮಾನದಿಂದ ನೋಡಬೇಕಾದದ್ದೂ ಅದೇ.

ಜಿಪಿಎಸ್ ಅಮೆರಿಕದ ರಕ್ಷಣಾ ಇಲಾಖೆ ಕಟ್ಟಿದ ವ್ಯವಸ್ಥೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯದ ಸಂಕೇತವನ್ನು ಬಿಡುತ್ತಲೇ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಎಷ್ಟೆಷ್ಟು ತಡವಾಗಿ ಬಂತು ಎಂಬುದನ್ನು ಲೆಕ್ಕ ಹಾಕಿ ಬೋಟಿನ ಯಂತ್ರ ತಾನಿರುವ ಜಾಗವನ್ನು ಕಂಡುಕೊಳ್ಳುತ್ತದೆ. ಯಂತ್ರ ಕೇಳಿಸಿಕೊಳ್ಳುತ್ತದೆಯೇ ಹೊರತು ಆಕಾಶಕ್ಕೆ ಏನನ್ನೂ ಕಳಿಸುವುದಿಲ್ಲ. ಆದ್ದರಿಂದ ಮೊಬೈಲಿಗೆ ನೆಟ್‌ವರ್ಕ್ ಸಿಗದ ಕಡಲಿನಲ್ಲೂ ಜಿಪಿಎಸ್ ನಡೆಯುತ್ತದೆ. ನಕ್ಷೆಯನ್ನು ಮಾತ್ರ ದಡದಲ್ಲೇ ಇಳಿಸಿಕೊಂಡಿರಬೇಕು. ಅದೇ ಕಾರಣಕ್ಕೆ, ಜಿಪಿಎಸ್ ಇದ್ದ ಮಾತ್ರಕ್ಕೆ ಬೋಟು ಎಲ್ಲಿದೆ ಎಂದು ದಡದವರಿಗೆ ತಿಳಿಯುವುದಿಲ್ಲ. ಕಡಲಿಗೆ ಹೋದವರ ಮನೆಗಳಲ್ಲಿ ಈ ಎರಡನೆಯ ಮಾತಿನ ಬಗ್ಗೆ ಬಹಳ ತಪ್ಪು ತಿಳಿವಳಿಕೆ ಇದೆ.

2000ದ ಮೇ ತಿಂಗಳವರೆಗೆ ನಾಗರಿಕರ ಯಂತ್ರಗಳಿಗೆ ಬರುವ ಸಂಕೇತವನ್ನು ಅಮೆರಿಕ ಬೇಕೆಂದೇ ಸ್ವಲ್ಪ ಕೆಡಿಸಿ ಬಿಡುತ್ತಿತ್ತು. ನೂರು ಮೀಟರಿನಷ್ಟು ತಪ್ಪು ಆಗ ಸಾಮಾನ್ಯವಾಗಿತ್ತು. ಅದನ್ನು ನಿಲ್ಲಿಸಿದ ಮೇಲೆ ತೆರೆದ ಕಡಲಿನಲ್ಲಿ ಕೆಲವೇ ಮೀಟರುಗಳ ನಿಖರತೆ ಸಿಗತೊಡಗಿತು. ಭಾರತವೂ ಇಸ್ರೋ ಮೂಲಕ ತನ್ನದೇ ನಾವಿಕ್ ವ್ಯವಸ್ಥೆಯನ್ನು ಕಟ್ಟಿದೆ. ಅದರ ಮೊದಲ ಉಪಗ್ರಹ ಮೇಲೇರಿದ್ದು 2013ರ ಜುಲೈ 1ರಂದು. ಬೋಟಿನ ಮಟ್ಟಿಗೆ ಯಂತ್ರ ಯಾವ ವ್ಯವಸ್ಥೆಯದಾದರೂ ಹೇಳುವುದು ಒಂದನ್ನೇ: ಈಗ ಬೋಟು ಇಂಥ ಅಕ್ಷಾಂಶ, ಇಂಥ ರೇಖಾಂಶದಲ್ಲಿದೆ. ಬೋಟಿನ ಅಡಿಯಲ್ಲಿ ಏನಿದೆ, ಮುಂದೆ ಏನಿದೆ ಎಂಬುದು ಉಪಗ್ರಹಕ್ಕೆ ಗೊತ್ತಿಲ್ಲ. ಅದನ್ನು ನಕ್ಷೆ ಹೇಳಬೇಕು. ನಕ್ಷೆಯ ಜಾಗದಲ್ಲಿ ಹಳೆಯ ಟ್ರ್ಯಾಕ್ ಬಂದು ಕೂತಾಗ ತೊಂದರೆ ಶುರುವಾಗುತ್ತದೆ.

ಟ್ರ್ಯಾಕ್ ಎಂದರೆ ಒಂದು ದಿನ, ಒಂದು ಉಬ್ಬರದಲ್ಲಿ, ಒಂದು ಬೋಟು ಆ ದಾರಿಯಲ್ಲಿ ಸುರಕ್ಷಿತವಾಗಿ ಹೋಯಿತು ಎಂಬ ದಾಖಲೆ. ಆ ದಿನ, ಆ ನೀರು, ಆ ಬೋಟಿನ ತೂಕ ಯಾವುದನ್ನೂ ಗೆರೆ ಹೇಳುವುದಿಲ್ಲ. ಹದಿನೈದು ಮಾರು ಆಳದ ಹೊರಗಡಲಿನಲ್ಲಿ ಇದರಿಂದ ಹೆಚ್ಚಿನ ನಷ್ಟವಿಲ್ಲ. ಅಳಿವೆಯಲ್ಲಿ ಹಾಗಲ್ಲ. ಕಾಳಿ ನದಿ ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ಕಡಲು ಸೇರುತ್ತದೆ. ಗಂಗಾವಳಿ ಮಂಜಗುಣಿಯ ಬಳಿ. ಎರಡೂ ಘಟ್ಟದಿಂದ ಇಳಿದು ಬರುವ ನದಿಗಳು. ಮಳೆಗಾಲದ ನೆರೆ ಮರಳನ್ನು ತಂದು ಬಾಯಿಗೆ ಹಾಕುತ್ತದೆ, ಪಡುವಣ ಗಾಳಿಯ ತೆರೆ ಅದನ್ನು ಒಳಕ್ಕೆ ನೂಕುತ್ತದೆ, ಇಳಿತದ ನೀರು ಮತ್ತೆ ಕೊರೆದು ಹೊಸ ದಾರಿ ಮಾಡಿಕೊಳ್ಳುತ್ತದೆ. ಮೇ ತಿಂಗಳಿನಲ್ಲಿ ಎರಡು ಮಾರು ನೀರಿದ್ದ ಜಾಗದಲ್ಲಿ ಆಗಸ್ಟಿನಲ್ಲಿ ಮರಳ ದಿಬ್ಬ ಇರಬಹುದು. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಅಂದರೆ ಅಳಿವೆ ಅತಿ ಹೆಚ್ಚು ಬದಲಾಗುವ ಎರಡು ತಿಂಗಳು ಬೋಟು ಧಕ್ಕೆಯಲ್ಲಿ ಕಟ್ಟಿರುತ್ತದೆ, ಯಂತ್ರದ ನೆನಪಿನಲ್ಲಿ ಮೇ ತಿಂಗಳ ಗೆರೆ ಹಾಗೇ ಉಳಿದಿರುತ್ತದೆ. ಆಗಸ್ಟ್ ಮೊದಲ ವಾರ ಮಬ್ಬು ಮಳೆಯಲ್ಲಿ ಆ ಗೆರೆ ಹಿಡಿದು ಅಳಿವೆ ದಾಟುವುದಕ್ಕಿಂತ ದೊಡ್ಡ ಅಪಾಯ ಈ ಯಂತ್ರದ ಬಳಕೆಯಲ್ಲಿ ಇನ್ನೊಂದಿಲ್ಲ.

2024ರ ಮಳೆಗಾಲ ಇದನ್ನು ಎರಡೂ ತಾಲ್ಲೂಕಿನವರ ಕಣ್ಣೆದುರಿಗೇ ತೋರಿಸಿತು. ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯನ್ನು ದಾಟಿ, ಮಣ್ಣು ಗಂಗಾವಳಿಗೆ ಇಳಿಯಿತು. ಎದ್ದ ನೀರು ಎದುರು ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ನದಿಯ ನಡುವೆ ಹೊಸ ಮಣ್ಣಿನ ದಿಬ್ಬ ಎದ್ದಿತು. ಕಾಣೆಯಾದವರನ್ನೂ ಅವರೊಡನೆ ಕಾಣೆಯಾದ ಲಾರಿಯನ್ನೂ ಹುಡುಕಲು ಗೋವೆಯಿಂದ ತಂದ ಡ್ರೆಜರ್ ನದಿಯ ಬಾಯಿಯಿಂದ ಮೇಲೆ ಬರಲು ಸೇತುವೆಗಳ ಅಡಿ ನೀರಿನ ಮಟ್ಟ ನೋಡಿ ಕಾಯಬೇಕಾಯಿತು. ಗುಡ್ಡ ಕುಸಿದು ಮೂರು ವಾರ ಕಳೆದಿತ್ತು, ಆಗಸ್ಟ್ 7ರ ನಸುಕಿನ ಜಾವಕ್ಕೆ ಮೊದಲೇ ಕಾಳಿ ನದಿಯ ಹಳೆಯ ಸೇತುವೆ ಒಂದು ಲಾರಿಯ ಸಮೇತ ನೀರಿಗೆ ಬಿತ್ತು. ಚಾಲಕನನ್ನು ಬದುಕಿಸಲಾಯಿತು. ಸೇತುವೆಯ ತುಂಡುಗಳು ದೋಣಿ ಓಡಾಡುವ ನೀರಿನಲ್ಲೇ ಬಿದ್ದಿದ್ದವು. ಹಿಂದಿನ ದಿನದವರೆಗೆ ಆ ಕಂಬಗಳ ನಡುವೆ ಸರಾಗವಾಗಿ ಹಾದುಹೋದ ಎಷ್ಟೋ ದೋಣಿಗಳ ಮೊಬೈಲಿನಲ್ಲಿ ಟ್ರ್ಯಾಕ್ ಮರುದಿನವೂ ನೇರವಾಗಿಯೇ ಇತ್ತು. ಯಂತ್ರ ಕೆಟ್ಟಿರಲಿಲ್ಲ. ನದಿ ಬದಲಾಗಿತ್ತು.

ಈ ಮಾತು ನಮ್ಮ ಕಡಲಿಗೆ ಮಾತ್ರ ಸೇರಿದ್ದಲ್ಲ. ಕೆನಡಾದ ಉತ್ತರ ಭಾಗದ ಇಗ್ಲೂಲಿಕ್‌ನಲ್ಲಿ ಇನುಯಿಟ್ ಬೇಟೆಗಾರರು ಸ್ನೋಮೊಬೈಲ್ ಎಂಬ ಹಿಮದ ವಾಹನದ ಮೇಲೆ ಜಿಪಿಎಸ್ ಇಟ್ಟುಕೊಂಡು ಹೆಪ್ಪುಗಟ್ಟಿದ ಕಡಲನ್ನು ದಾಟುತ್ತಾರೆ. ಅಲ್ಲಿನ ಬಳಕೆಯನ್ನು ಹತ್ತಿರದಿಂದ ನೋಡಿ 2005ರಲ್ಲಿ ಬರೆದ ಇಬ್ಬರು ಸಂಶೋಧಕರು ಎರಡನ್ನೂ ದಾಖಲಿಸಿದರು: ದಟ್ಟ ಮಂಜಿನಲ್ಲಿ ಯಂತ್ರ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದನ್ನು, ಮತ್ತು ಯಂತ್ರ ತೋರಿಸುವ ನೇರ ಗೆರೆ ತೆಳು ಮಂಜುಗಡ್ಡೆಯ ಮೇಲೆ ಹಾಯಬಹುದು ಎಂಬ ಹಿರಿಯರ ಚಿಂತೆಯನ್ನು. ಮಂಜುಗಡ್ಡೆ ಪ್ರತಿ ವರ್ಷ ಹೊಸದಾಗಿ ಕಟ್ಟುತ್ತದೆ, ಹೊಸ ಜಾಗದಲ್ಲಿ ಬಿರಿಯುತ್ತದೆ. ಗಾಳಿಯ ದಿಕ್ಕನ್ನೂ ಹಿಮ ಬಿದ್ದ ಗುರುತನ್ನೂ ಓದಬಲ್ಲ ಬೇಟೆಗಾರನ ಕೈಯಲ್ಲಿ ಅದೇ ಯಂತ್ರ ಇನ್ನಷ್ಟು ಕೆಲಸಕ್ಕೆ ಬರುತ್ತದೆ, ಓದಲು ಬಾರದವನಿಗೆ ಅದು ಗೆರೆಯನ್ನಷ್ಟೇ ಕೊಡುತ್ತದೆ. ಮರಳಿಗೂ ಮಂಜುಗಡ್ಡೆಗೂ ಇಷ್ಟು ಹತ್ತಿರದ ನಂಟು ಇರುವುದನ್ನು ನಮ್ಮವರು ತಿಳಿದಿರುವುದು ಒಳ್ಳೆಯದು.

ನೇರ ಗೆರೆಯ ತೊಂದರೆ ಇಲ್ಲೂ ಇದೆ. ಒಂದು ಪಾಯಿಂಟ್ ಆರಿಸಿ 'ಗೋ ಟು' ಒತ್ತಿದರೆ ಯಂತ್ರ ಈಗಿರುವ ಜಾಗದಿಂದ ಅಲ್ಲಿಗೆ ನೇರ ಗೆರೆ ಎಳೆಯುತ್ತದೆ. ಬೇಲೆಕೇರಿಯಿಂದ ಕಾರವಾರ ಬಂದರಿಗೆ ಹಾಗೆ ಎಳೆದರೆ ಗೆರೆ ದಡದ ಗುಡ್ಡಗಳ ಮೇಲೇ ಹತ್ತಿ ಇಳಿಯುತ್ತದೆ. ನಡುವೆ 2005ರಿಂದ ಐಎನ್ಎಸ್ ಕದಂಬ ನೌಕಾನೆಲೆ ಇದೆ. ಅದರ ನೀರಿಗೆ ಮೀನುಗಾರಿಕೆ ಬೋಟು ಹೋಗುವಂತಿಲ್ಲ. ಹೊರಗೆ ಅಂಜುದೀವ್ ಇದೆ, ಕಾರವಾರದಿಂದ ಕಣ್ಣಳತೆಯಲ್ಲಿದ್ದರೂ ಗೋವೆಗೆ ಸೇರಿದ, ನೌಕಾಪಡೆಯ ವಶದಲ್ಲಿರುವ ದ್ವೀಪ. ಕಾರವಾರದ ಮುಂದೆ ಕೂರ್ಮಗಡ, ದೇವಗಡ ಇವೆ. ದೇವಗಡದ ದೀಪಸ್ತಂಭವನ್ನು ನೋಡಿ ದಾರಿ ಹಿಡಿಯುವುದು ಜಿಪಿಎಸ್‌ಗಿಂತ ಎಷ್ಟೋ ಹಳೆಯ ಅಭ್ಯಾಸ. ಆದ್ದರಿಂದ 'ಗೋ ಟು' ಕೊಡುವುದು ದಿಕ್ಕು ಮತ್ತು ದೂರ ಮಾತ್ರ. ದಾರಿಯನ್ನು ನಡುನಡುವೆ ಪಾಯಿಂಟ್ ಇಟ್ಟು ತಾಂಡೇಲನೇ ಕಟ್ಟಬೇಕು. ಮಾಜಾಳಿಯ ಕಡೆಯವರಿಗೆ ಇನ್ನೊಂದು ಉಪಯೋಗವೂ ಇದೆ: ಪೊಳೆಂನಿಂದಲೇ ಗೋವೆಯ ಹದ್ದು. ದಡದಿಂದ 12 ನಾಟಿಕಲ್ ಮೈಲಿನವರೆಗಿನ ನೀರಿನಲ್ಲಿ ಮೀನುಗಾರಿಕೆಯ ಕಾಯಿದೆ ಆಯಾ ರಾಜ್ಯದ್ದು. ಕರ್ನಾಟಕದ್ದು 1986ರ ಕಾಯಿದೆ. ಹದ್ದನ್ನು ಪರದೆಯ ಮೇಲೆ ಗೆರೆಯಾಗಿ ಹಾಕಿಕೊಂಡರೆ, ಬಲೆ ಎಳೆಯುವಾಗ ನೀರಿನ ಸೆಳೆತಕ್ಕೆ ಬೋಟು ಆ ಕಡೆ ಜಾರುತ್ತಿರುವುದು ತಿಳಿಯುತ್ತದೆ. ಆಮೇಲಿನ ಜಗಳ, ದಂಡ, ಬೋಟು ಹಿಡಿದಿಡುವುದು ಎಷ್ಟೋ ತಪ್ಪುತ್ತದೆ.

ಇನ್ನು ಅಂಕಿಗಳ ಬರವಣಿಗೆ. ಇದು ಸಣ್ಣ ಸಂಗತಿಯಂತೆ ಕಾಣುತ್ತದೆ. ವಯರ್‌ಲೆಸ್‌ನಲ್ಲಿ ಜಾಗ ಹೇಳುವಾಗ ಆಗುವ ಗೊಂದಲವೆಲ್ಲ ಇಲ್ಲಿಂದಲೇ ಬರುತ್ತದೆ. ಒಂದೇ ಜಾಗವನ್ನು ಮೂರು ರೀತಿ ಬರೆಯಬಹುದು. ಡಿಗ್ರಿ, ಮಿನಿಟು, ಸೆಕೆಂಡ್ ಒಂದು. ಡಿಗ್ರಿ ಮತ್ತು ದಶಾಂಶದ ಮಿನಿಟು ಇನ್ನೊಂದು. ಬೋಟಿನ ಹೆಚ್ಚಿನ ಯಂತ್ರಗಳು ಇದನ್ನೇ ತೋರಿಸುತ್ತವೆ. ಡಿಗ್ರಿಯನ್ನೇ ದಶಾಂಶದಲ್ಲಿ ಬರೆಯುವುದು ಮೂರನೆಯದು. ಮೊಬೈಲಿನ ನಕ್ಷೆ ಬಳಸುವುದು ಇದನ್ನು. ಕಾರವಾರದ ಅಕ್ಷಾಂಶ 14 ಡಿಗ್ರಿ 48 ಮಿನಿಟು. ಇದನ್ನು ಯಾರೋ '14 ಪಾಯಿಂಟ್ 48' ಎಂದು ಹೇಳಿ, ಕೇಳಿದವನು ಮೊಬೈಲಿಗೆ 14.48 ಎಂದು ಹಾಕಿದರೆ ಏನಾಗುತ್ತದೆ? 14 ಡಿಗ್ರಿ 48 ಮಿನಿಟು ಎಂದರೆ ದಶಾಂಶದಲ್ಲಿ 14.80. ವ್ಯತ್ಯಾಸ 0.32 ಡಿಗ್ರಿ, ಅಂದರೆ 19.2 ಮಿನಿಟು. ಅಕ್ಷಾಂಶದ ಒಂದು ಮಿನಿಟು ಒಂದು ನಾಟಿಕಲ್ ಮೈಲು, 1,852 ಮೀಟರ್. ಹೀಗಾಗಿ ನೆರವಿಗೆ ಹೊರಟ ಬೋಟು 35 ಕಿಲೋಮೀಟರಿಗೂ ಹೆಚ್ಚು ತೆಂಕಕ್ಕೆ, ಗೋಕರ್ಣ ದಾಟಿ ಕುಮಟೆಯ ಕಡಲಿಗೆ ಹೋಗುತ್ತದೆ.

ಇದಕ್ಕಿಂತ ಮೋಸಗಾರ ತಪ್ಪು ಚಿಕ್ಕದು. 48.30 ಮಿನಿಟು ಎಂಬುದನ್ನು 48 ಮಿನಿಟು 30 ಸೆಕೆಂಡ್ ಎಂದು ಓದುವುದು. 48.30 ಮಿನಿಟು ಎಂದರೆ 48 ಮಿನಿಟು 18 ಸೆಕೆಂಡ್. ನಡುವಿನ ಅಂತರ ಸುಮಾರು 370 ಮೀಟರ್. ಜಾಗ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಬಲೆ ಮಾತ್ರ ತಪ್ಪಿಸಬೇಕೆಂದಿದ್ದ ಕಲ್ಲಿನ ಮೇಲೇ ಬೀಳುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕಡಲ ಮೇಲ್ಮೈಯ ಬಿಸಿ ಮತ್ತು ನೀರಿನ ಹಸಿರನ್ನು ಉಪಗ್ರಹದಿಂದ ಅಳೆದು ಮೀನು ಸಿಗಬಹುದಾದ ವಲಯದ ಮಾಹಿತಿ ಕೊಡುತ್ತದೆ. ಅದರಲ್ಲಿನ ಅಕ್ಷಾಂಶ–ರೇಖಾಂಶವನ್ನು ಯಂತ್ರಕ್ಕೆ ಹಾಕುವ ಮೊದಲು ಅದು ಸೆಕೆಂಡಿನಲ್ಲಿದೆಯೋ ದಶಾಂಶದಲ್ಲಿದೆಯೋ ಎಂದು ನೋಡುವ ಅಭ್ಯಾಸ ಬರಬೇಕು. ಬಯಸಿದ ರೀತಿಗೆ ಯಂತ್ರವನ್ನು ಹೊಂದಿಸಲು ಸೆಟ್ಟಿಂಗ್‌ನಲ್ಲಿ ಅವಕಾಶ ಇದ್ದೇ ಇರುತ್ತದೆ. ಅದನ್ನು ತೆರೆದು ನೋಡಿದವರು ಕಡಿಮೆ.

ಆಳದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಕ್ಷೆಯಲ್ಲಿ ಬರೆದ ಆಳ ಇಳಿತದ ನೀರಿನ ಲೆಕ್ಕದ್ದು. ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿಯ ನಕ್ಷೆಗಳೂ ಹಾಗೆಯೇ. ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರದಲ್ಲಿ ಎಳೆದ ಟ್ರ್ಯಾಕ್ ಅದೇ ದಿನದ ಇಳಿತದಲ್ಲಿ ನೆಲ ಮುಟ್ಟಿಸಬಹುದು. ಮೀನು ತುಂಬಿಕೊಂಡು ಮರಳುವ ಬೋಟು ಹೊರಟಾಗಿನದಕ್ಕಿಂತ ನೀರಿನಲ್ಲಿ ಆಳಕ್ಕೆ ಕೂತಿರುತ್ತದೆ ಎಂಬುದು ತಾಂಡೇಲರಿಗೆ ಹೇಳಿಕೊಡುವ ಮಾತಲ್ಲ. ಹೋಗುವಾಗಿನ ಟ್ರ್ಯಾಕ್ ಹಿಡಿದು ಬರುವಾಗ ಅದನ್ನು ನೆನಪಿಡಬೇಕು, ಅಷ್ಟೆ.

ಯಂತ್ರ ಬರುವ ಮೊದಲು ಇದೇ ಕಡಲಿನಲ್ಲಿ ಜಾಗ ಹಿಡಿಯುತ್ತಿದ್ದುದು ದಡದ ಗುರುತುಗಳಿಂದ. ಒಂದು ಗುಡ್ಡದ ತುದಿ ಹಿಂದಿನ ಗುಡ್ಡದ ಕಣಿವೆಗೆ ಸರಿಯಾಗಿ ಕೂತರೆ ಒಂದು ಗೆರೆ. ಇನ್ನೊಂದು ಕಡೆ ದೇವಸ್ಥಾನದ ಶಿಖರವೋ ದೊಡ್ಡ ಮರವೋ ಸದಾಶಿವಗಡದ ಕೋಡಿಗೆ ಕೂಡಿದರೆ ಎರಡನೆಯ ಗೆರೆ. ಎರಡೂ ಸೇರಿದಲ್ಲಿ ಕಲ್ಲು. ಲೆಕ್ಕದ ದೃಷ್ಟಿಯಿಂದ ನೋಡಿದರೆ ಇದು ಅಕ್ಷಾಂಶ–ರೇಖಾಂಶದಷ್ಟೇ ಶುದ್ಧವಾದ ವಿಧಾನ. ದಡ ಮರೆಯಾದ ಮೇಲೆ ರಾತ್ರಿ ಧ್ರುವ ನಕ್ಷತ್ರ ಇತ್ತು. ಯಾವ ಊರಿನ ಅಕ್ಷಾಂಶ ಎಷ್ಟೋ ಅಲ್ಲಿ ಧ್ರುವ ಸುಮಾರು ಅಷ್ಟೇ ಡಿಗ್ರಿ ಎತ್ತರದಲ್ಲಿ ಕಾಣುತ್ತದೆ, ಕಾರವಾರದಲ್ಲಿ 15ರ ಹತ್ತಿರ. ಈ ಗುರುತುಗಳನ್ನು ಬಲ್ಲ ಹರಿಕಂತ್ರ, ಖಾರ್ವಿ, ಅಂಬಿಗ, ಗಾಬಿತ ಮನೆಗಳ ಹಿರಿಯರು ಇನ್ನೂ ಇದ್ದಾರೆ. ಬೆಳಂಬಾರ, ಕೇಣಿಯ ಕಡೆ ಅಜ್ಜಂದಿರು ಮೊಮ್ಮಗನ ಪರದೆಯನ್ನು ಒಮ್ಮೆ ನೋಡಿ, ಮತ್ತೆ ದಡವನ್ನು ನೋಡಿ, ಗೆರೆ ಸರಿಯಿದೆಯೇ ಎಂದು ಹೇಳುವುದನ್ನು ಈ ಪತ್ರ ಬರೆದವರು ಕಂಡಿದ್ದಾರೆ. ಹಳೆಯ ಜ್ಞಾನಕ್ಕೆ ಕೈಮುಗಿದು ಮೂಲೆಯಲ್ಲಿ ಕೂರಿಸುವುದಕ್ಕಿಂತ ಆ ಗುರುತುಗಳನ್ನೇ ಪಾಯಿಂಟಿನ ಹೆಸರಾಗಿ ಯಂತ್ರಕ್ಕೆ ಹಾಕುವುದು ಹೆಚ್ಚು ಉಪಯುಕ್ತ. ಬ್ಯಾಟರಿ ಸತ್ತ ದಿನ ಹೆಸರು ನೆನಪಿನಲ್ಲಿರುತ್ತದೆ, 14 ಡಿಗ್ರಿಯ ಅಂಕಿ ಇರುವುದಿಲ್ಲ.

ಬೋಟು ಎಲ್ಲಿದೆ ಎಂದು ದಡಕ್ಕೆ ತಿಳಿಸುವ ಕೆಲಸ ಬೇರೆ ಯಂತ್ರದ್ದು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅವರಲ್ಲಿ ಉತ್ತರ ಕನ್ನಡದವರೂ ಇದ್ದರು. ಅದರ ಅವಶೇಷ ಮಹಾರಾಷ್ಟ್ರದ ಮಾಲವಣದ ಆಚೆ ಕಡಲ ತಳದಲ್ಲಿ ಐಎನ್ಎಸ್ ನಿರೀಕ್ಷಕ್‌ಗೆ ಸಿಕ್ಕಿದ್ದು 2019ರ ಮೇ 1ರಂದು. ನಾಲ್ಕೂವರೆ ತಿಂಗಳು ಆ ಮನೆಗಳು ಬದುಕಿದ ರೀತಿ ಇಡೀ ಕರಾವಳಿಗೆ ಗೊತ್ತಿದೆ. ಬೋಟಿನಿಂದ ಉಪಗ್ರಹದ ಮೂಲಕ ದಡಕ್ಕೆ ಜಾಗವನ್ನು ಕಳಿಸುವ ಟ್ರಾನ್ಸ್‌ಪಾಂಡರ್‌ಗಳನ್ನು ದೇಶದ ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಯೋಜನೆ 2024ರಲ್ಲಿ ಆರಂಭವಾಯಿತು. ಅಪಾಯದ ಸಂದೇಶ ಕಳಿಸುವ ಡ್ಯಾಟ್ ಎಂಬ ಸಾಧನವೂ ಇದೆ. ಇವನ್ನು ಅಳವಡಿಸಿದ ಮೇಲೆ ಸ್ವಿಚ್ ಆರಿಸಿಡುವವರಿಗೆ ಒಂದು ಕಾರಣವಿದೆ: ತಮ್ಮ ಮೀನಿನ ಜಾಗ ಬೇರೆಯವರಿಗೆ ತಿಳಿದೀತು ಎಂಬ ಭಯ. ಆ ಭಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಮೀನಿನ ಪಾಯಿಂಟ್ ತಾಂಡೇಲನ ಬಂಡವಾಳ. ಆದರೆ ಅಪಾಯದ ಪಾಯಿಂಟ್ ಯಾರ ಬಂಡವಾಳವೂ ಅಲ್ಲ. ಮುಳುಗಿದ ಬೋಟು, ನೀರೊಳಗಿನ ಕಂಬ, ಹೊಸ ಮರಳ ದಿಬ್ಬ ಇವನ್ನು ಒಬ್ಬನ ಯಂತ್ರದಲ್ಲಿ ಮುಚ್ಚಿಟ್ಟು ಏನು ಲಾಭ?

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು.

ರಜೆ ಮುಗಿದು ಆಗಸ್ಟಿನಲ್ಲಿ ಮೊದಲ ಸಲ ಇಳಿಯುವ ಮುನ್ನ ಅಳಿವೆಯ ಹಳೆಯ ಟ್ರ್ಯಾಕ್‌ಗಳನ್ನು ಅಳಿಸಿ, ಇಲ್ಲವೇ ಬಣ್ಣ ಬದಲಿಸಿ ಬೇರೆ ಇಡಿ. ಹಗಲಿನಲ್ಲಿ, ಏರುವ ನೀರಿನಲ್ಲಿ, ಒಂದು ಸಣ್ಣ ದೋಣಿ ಮುಂದೆ ಹೋಗಿ ಆಳ ನೋಡಿ ಹೊಸ ಟ್ರ್ಯಾಕ್ ಎಳೆಯಲಿ. ಅದನ್ನು ಆ ಧಕ್ಕೆಯ ಎಲ್ಲ ಬೋಟುಗಳೂ ಹಂಚಿಕೊಳ್ಳಲಿ. ಏರುವ ನೀರೇ ಏಕೆಂದರೆ, ಮರಳಿಗೆ ತಾಗಿ ನಿಂತರೂ ನೀರು ಹೆಚ್ಚಿ ದೋಣಿಯನ್ನು ಎತ್ತುತ್ತದೆ. ಪ್ರತಿ ಟ್ರ್ಯಾಕ್‌ನ ಹೆಸರಿನಲ್ಲಿ ತಿಂಗಳು ಮತ್ತು ವರ್ಷ ಇರಲಿ. ಅಪಾಯದ ಪಾಯಿಂಟ್‌ಗಳಿಗೆ ಒಂದು ಸಾಮಾನ್ಯ ವಹಿಯನ್ನು ಬೈತಖೋಲ, ಬೇಲೆಕೇರಿಗಳಲ್ಲಿ ಸಹಕಾರಿ ಸಂಘದವರು ಇಟ್ಟರೆ ದೊಡ್ಡ ಖರ್ಚೇನೂ ಬರುವುದಿಲ್ಲ.

ವಯರ್‌ಲೆಸ್‌ನಲ್ಲಿ ಜಾಗ ಹೇಳುವಾಗ 'ಡಿಗ್ರಿ', 'ಮಿನಿಟು' ಎಂದು ಪೂರ್ತಿ ಹೇಳಿ. ಜೊತೆಗೆ ದಡದ ಒಂದು ಗುರುತಿನಿಂದ ದಿಕ್ಕು ಮತ್ತು ದೂರವನ್ನೂ ಹೇಳಿ. ಒಂದು ತಪ್ಪಿದರೆ ಇನ್ನೊಂದು ಅದನ್ನು ತೋರಿಸಿಕೊಡುತ್ತದೆ. ಅಪಾಯದ ಕರೆಗೆ ವಿಎಚ್ಎಫ್ 16ನೇ ಚಾನೆಲ್, ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸರ 1093: ಈ ಮೂರನ್ನು ಕ್ಯಾಬಿನ್ನಿನಲ್ಲಿ ದೊಡ್ಡದಾಗಿ ಬರೆಸಿಡಿ. ಚುಕ್ಕಾಣಿ ಹಿಡಿದವನಿಗಷ್ಟೇ ಅಲ್ಲ, ಅಡುಗೆ ಮಾಡುವ ಹುಡುಗನಿಗೂ, ಒಡಿಶಾ–ಜಾರ್ಖಂಡಿನಿಂದ ಬಂದ ಖಲಾಸಿಗೂ ಪರದೆಯ ಮೇಲಿನ ಅಂಕಿ ಓದಿ ಹೇಳಲು ಬರಬೇಕು. ಯಾರಾದರೂ ನೀರಿಗೆ ಬಿದ್ದರೆ ಒತ್ತುವ ಎಂಒಬಿ ಗುಂಡಿ ಎಲ್ಲಿದೆ ಎಂದು ಎಲ್ಲರಿಗೂ ತೋರಿಸಿರಿ. ಆ ಗುಂಡಿ ಬಿದ್ದ ಜಾಗವನ್ನು ಹಿಡಿದಿಡುತ್ತದೆ. ಬಿದ್ದ ಮನುಷ್ಯ ಸೆಳೆತದ ಜೊತೆ ಸರಿದಿರುತ್ತಾನೆ. ಆದ್ದರಿಂದ ಹುಡುಕಾಟ ಚುಕ್ಕೆಯಿಂದ ಶುರುವಾಗಿ ನೀರು ಹರಿಯುವ ದಿಕ್ಕಿಗೆ ಸಾಗಬೇಕು.

ನಾಡದೋಣಿಯವರು ಮೊಬೈಲನ್ನು ನೀರು ಹೋಗದ ಚೀಲದಲ್ಲಿಟ್ಟು, ಒಂದು ಪವರ್ ಬ್ಯಾಂಕ್ ಜೊತೆಗಿಡಿ. ಒಂದು ಸಾದಾ ಕಂಪಾಸ್ ಯಾವ ದೋಣಿಗೂ ಭಾರವಲ್ಲ. ಅದನ್ನು ಇಂಜಿನ್ನಿನಿಂದ, ಸ್ಪೀಕರಿನಿಂದ ದೂರ ಇಡಿ, ಕಬ್ಬಿಣವೂ ಅಯಸ್ಕಾಂತವೂ ಅದನ್ನು ತಪ್ಪಿಸುತ್ತವೆ. ಮುಖ್ಯವಾದ ಹತ್ತಾರು ಪಾಯಿಂಟ್‌ಗಳನ್ನು ಪುಸ್ತಕದಲ್ಲಿ ಬರೆದು ಮನೆಯಲ್ಲೂ ಒಂದು ಪ್ರತಿ ಬಿಟ್ಟು ಹೋಗಿ. ಹೊರಡುವಾಗ ಯಾವ ಕಡೆಗೆ, ಎಷ್ಟು ದಿನಕ್ಕೆ ಎಂದು ಧಕ್ಕೆಯಲ್ಲಿ ಒಬ್ಬರಿಗಾದರೂ ತಿಳಿಸಿ; ಮೀನಿನ ಜಾಗವನ್ನು ಹೇಳಬೇಕಿಲ್ಲ, ದಿಕ್ಕು ಸಾಕು.

ಮಾಲೀಕರಲ್ಲಿ ಪ್ರತ್ಯೇಕವಾಗಿ ಒಂದು ಮಾತು. ಹೊಸ ಯಂತ್ರ ಕೊಂಡಾಗ ಅಂಗಡಿಯವರು ಅರ್ಧ ಗಂಟೆಯಲ್ಲಿ ಹೇಳಿಕೊಟ್ಟದ್ದೇ ತಾಂಡೇಲನ ಪೂರ್ತಿ ತರಬೇತಿಯಾಗಬಾರದು. ಜೂನ್–ಜುಲೈಯ ರಜೆಯಲ್ಲಿ, ಬಲೆ ಹೆಣೆಯುವ ಹೊತ್ತಿನಲ್ಲೇ, ಎರಡು ಮಧ್ಯಾಹ್ನ ಇದಕ್ಕೆ ಸಿಕ್ಕರೆ ಸಾಕು. ಮೀನುಗಾರಿಕೆ ಇಲಾಖೆಯವರೂ ಬಂದರು ಇಲಾಖೆಯವರೂ ರಜೆ ಮುಗಿಯುವ ಮುನ್ನ ಕಾಳಿ ಮತ್ತು ಗಂಗಾವಳಿಯ ಅಳಿವೆಗಳ ಆಳ ಅಳೆದು, ಆ ಅಂಕಿಗಳನ್ನು ಕನ್ನಡದಲ್ಲಿ, ಡಿಗ್ರಿ–ಮಿನಿಟಿನಲ್ಲಿ, ಆಗಸ್ಟ್ 1ರೊಳಗೆ ಧಕ್ಕೆಗಳಲ್ಲಿ ಅಂಟಿಸುವಂತೆ ತಾವೆಲ್ಲರೂ ಸಂಘಗಳ ಮೂಲಕ ಲಿಖಿತವಾಗಿ ಕೇಳಬೇಕೆಂದು ಪ್ರಾರ್ಥನೆ. ಕೇಳಿದ ಪತ್ರದ ಪ್ರತಿಯೊಂದನ್ನು ಇಟ್ಟುಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ಅಂಕೋಲೆಯ ಒಬ್ಬ ಬರಹಗಾರ